ಎರಡು ಸೈಟ್ ಜಾಗದಲ್ಲಿ ಒಂದು ಬೀಚ್ ಕೋರ್ಟ್

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೀಚ್ ವಾಲಿಬಾಲ್ ನಡೆದದ್ದು ಐಫೆಲ್ ಟವರ್ ಬುಡದಲ್ಲಿ. ಮರಳು ತಂದು ಸುರಿದಿದ್ದರು. ಟಿವಿಯಲ್ಲಿ ಅದನ್ನು ನೋಡುತ್ತಾ ನನ್ನ ಹತ್ತಿರ ವಾಲಿಬಾಲ್ ಕಲಿಯುವ ಹುಡುಗಿಯೊಬ್ಬಳು, "ಸರ್, ಪ್ಯಾರಿಸ್‌ಗೂ ಸಮುದ್ರ ಇಲ್ಲ, ಬೆಂಗಳೂರಿಗೂ ಇಲ್ಲ. ನಾವೂ ಮಾಡ್ಬಹುದಲ್ವಾ?" ಅಂದಳು. ಆ ಮಾತು ತಲೆಯಿಂದ ಹೋಗಲೇ ಇಲ್ಲ.

ಲೆಕ್ಕ ಹಾಕಲು ಕೂತೆ. ಕೋರ್ಟ್ 16 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ ಬೇಕು. 40-60 ಅಡಿ ಸೈಟಿನಲ್ಲೂ ಇದು ಹಿಡಿಸುವುದಿಲ್ಲ. ಯಲಹಂಕದ ಕಡೆ ಪರಿಚಯದವರೊಬ್ಬರು ಅಕ್ಕಪಕ್ಕದ ಎರಡು ಸೈಟ್ ಬಿಟ್ಟುಕೊಟ್ಟರು. ದೊಡ್ಡ ಪಂದ್ಯಗಳ ನಿಯಮದಂತೆ ಮರಳು 40 ಸೆಂಟಿಮೀಟರ್ ಆಳ ಇರಬೇಕು. ಅಂದರೆ 120 ಘನ ಮೀಟರ್‌ಗೂ ಜಾಸ್ತಿ!

ದುಡ್ಡು ಉಳಿಸಲು ಮೊದಲು ಎಂ-ಸ್ಯಾಂಡ್ ಹಾಕಿಸಿದೆ. ಅದು ತಪ್ಪಾಯಿತು. ಕಲ್ಲು ಪುಡಿ ಮಾಡಿ ತೆಗೆದ ಮರಳು, ಕಾಳು ಚೂಪು. ಬಾಲ್‌ಗೆ ಡೈವ್ ಹೊಡೆದ ಮಕ್ಕಳ ಮೊಣಕೈ ಕೆಂಪಗೆ ತರಚಿತ್ತು. ಬೂದಿಯಂಥ ಧೂಳು ಮೈಗೆ ಅಂಟುತ್ತಿತ್ತು. ಮರಳು ತೀರಾ ಒರಟೂ ಇರಬಾರದು, ಧೂಳೇಳುವಷ್ಟು ನುಣುಪೂ ಇರಬಾರದು ಅಂತ ನಿಯಮದಲ್ಲೇ ಇದೆ. ಓದಿದ್ದೆ, ಆದರೆ ಅರ್ಥವಾದದ್ದು ಆ ಮೊಣಕೈ ನೋಡಿದ ಮೇಲೆ. ಆಮೇಲೊಂದು ಜೋರು ಮಳೆ ಬಂತು, ಎರಡು ದಿನ ನೀರು ಇಂಗಲಿಲ್ಲ.

ಎಲ್ಲ ತೆಗೆಸಿದೆ. ಅಡಿಯಲ್ಲಿ ತೂತಿನ ಪೈಪ್, ಮೇಲೆ ಜಲ್ಲಿ, ಅದರ ಮೇಲೆ ನೀರು ಮಾತ್ರ ಇಳಿಯುವ ಬಟ್ಟೆ ಹಾಸಿದೆವು. ಬಳಿಕ ತೊಳೆದ ಮರಳು. ಮಕ್ಕಳ ಅಪ್ಪ ಅಮ್ಮಂದಿರೂ ಭಾನುವಾರ ಬಂದು ಜರಡಿ ಹಿಡಿದರು. ಒಬ್ಬ ಅಜ್ಜಿ ರಾಗಿ ಕೇರುವಂತೆ ಮೊರದಲ್ಲಿ ಕೇರಿ, ಕಡಲೆ ಗಾತ್ರದ ಕಲ್ಲುಗಳನ್ನು ಆರಿಸಿ ಬದಿಗಿಟ್ಟರು. ಆ ದಿನ ನನಗೆ ತುಂಬಾ ಖುಷಿಯಾಯಿತು.

ಮಣ್ಣಿನ ಕೋರ್ಟ್‌ನಿಂದ ಬಂದವರಿಗೆ ಮೊದಲ ತಿಂಗಳು ಕಷ್ಟ. ಕಾಲು ಹೂತು, ನೆಗೆತ ಅರ್ಧಕ್ಕೇ ನಿಲ್ಲುತ್ತದೆ. ಇಬ್ಬರೇ ಆಡಬೇಕು, ಬದಲಿ ಆಟಗಾರರಿಲ್ಲ. ಬೆರಳ ತುದಿಯಲ್ಲಿ ಬಾಲನ್ನು ಆಚೆ ತಳ್ಳಿದರೆ ಪಾಯಿಂಟ್ ಹೋಯಿತು. ಎದುರಿನವರ ಹೊಡೆತವನ್ನು ನೆಟ್ ಹತ್ತಿರವೇ ತಡೆಯುವ ಬ್ಲಾಕ್‌ನಲ್ಲಿ ಬಾಲ್ ಕೈಗೆ ತಾಗಿದರೂ, ತಂಡಕ್ಕೆ ಸಿಗುವ ಮೂರು ಟಚ್‌ನಲ್ಲಿ ಅದೂ ಒಂದು. ಬಾಲ್‌ಗೂ ಗಾಳಿ ಕಡಿಮೆ ತುಂಬಬೇಕು.

ಮಕ್ಕಳಿಗೆ ನಾನು ಹೆಚ್ಚು ತೋರಿಸಿದ್ದು ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಸ್ವೀಡನ್‌ನ ಓಮನ್ ಮತ್ತು ಹೆಲ್ವಿಗ್ ಆಟ. ಎರಡನೇ ಟಚ್‌ಗೇ ನೆಗೆಯುತ್ತಾರೆ. ಪಾಸ್ ಕೊಡ್ತಾರೋ, ಅಲ್ಲಿಂದಲೇ ಹೊಡೀತಾರೋ ಅಂತ ಎದುರಿನ ಬ್ಲಾಕರ್‌ಗೆ ಗೊತ್ತಾಗುವುದಿಲ್ಲ. ನಮ್ಮವರು ಹತ್ತು ಸಲ ಮಾಡಿದರೆ ಎರಡು ಸಲ ಸರಿಯಾಗುತ್ತಿತ್ತು. ಆ ಎರಡಕ್ಕೇ ಕೂಗು ಬೀದಿಗೆ ಕೇಳಿಸುತ್ತಿತ್ತು. ಬೆನ್ನ ಹಿಂದೆ ಬೆರಳ ಸನ್ನೆ ಮಾತ್ರ ಬೇಗ ಕಲಿತರು. ಒಂದು ಬೆರಳಿದ್ದರೆ ಲೈನ್ ಬ್ಲಾಕ್, ಅಂದರೆ ಬದಿಯ ಗೆರೆಗುಂಟ ಬರುವ ಹೊಡೆತಕ್ಕೆ ತಡೆ. ಎರಡಿದ್ದರೆ ಕ್ರಾಸ್, ಅಂದರೆ ಓರೆಯಾಗಿ ಬರುವ ಹೊಡೆತಕ್ಕೆ.

ಹೋದ ಬೇಸಿಗೆಯಲ್ಲಿ ಎಲ್ಲರನ್ನೂ ಮಂಗಳೂರಿನ ಪಣಂಬೂರು ಬೀಚಿಗೆ ಕರೆದುಕೊಂಡು ಹೋದೆ. ಪ್ರಶ್ನೆ ಕೇಳಿದ್ದ ಆ ಹುಡುಗಿ ಚಪ್ಪಲಿ ಬಿಟ್ಟು, ನೀರಿನ ಹತ್ತಿರ ಹೋಗಿ ಹಿಮ್ಮಡಿಯಿಂದ ನೆಲ ಒತ್ತಿ ನೋಡಿದಳು.

"ಸರ್, ನಮ್ಮದಕ್ಕಿಂತ ಇದು ಗಟ್ಟಿ. ಇಲ್ಲಿ ಇನ್ನೂ ಮೇಲೆ ನೆಗೀಬಹುದು," ಅಂದವಳೇ ನೆಟ್ ಕಟ್ಟಲು ಓಡಿದಳು.