ಎರಡು ಡಬ್ಬಿಯಲ್ಲಿ ನನ್ನ ಒಣ ಚರ್ಮ ಸರಿ ಹೋಯ್ತು

ಉಗುರಲ್ಲಿ ಗೀರಿದ್ರೆ ಬೆಳ್ಳಗೆ ಗೆರೆ ಬೀಳೋ ಚರ್ಮ ನಂದು. ಮೊಣಕಾಲಿಂದ ಕೆಳಗೆ ಮೀನಿನ ಹುರುಪೆ ತರ, ಕಪ್ಪು ಪ್ಯಾಂಟ್ ತಿರುಗಿಸಿ ಕೊಡವಿದ್ರೆ ಹೊಟ್ಟು ಉದುರೋದು. ಯೂರಿಯಾ ಕ್ರೀಮು (ಚರ್ಮದಲ್ಲಿ ನೀರು ಹಿಡಿದು ಹುರುಪೆ ಸಡಿಲ ಮಾಡೋದು), ಪೆಟ್ರೋಲಿಯಂ ಜೆಲ್ಲಿ (ಆ ನೀರು ಆರದ ಹಾಗೆ ಮೇಲಿಂದ ಮುಚ್ಚೋದು) ಇವೆರಡರಲ್ಲೇ ಸರಿ ಮಾಡ್ಕೋತೀನಿ ಅಂದಾಗ "ಅದೂ ಹಚ್ಚಿ ನೋಡಿದ್ದಾಯ್ತಲ್ಲ" ಅಂತ ಮನೇಲಿ ಎಲ್ರೂ ನಕ್ರು. ಹಚ್ಚಿದ್ದೇನೋ ಹೌದು, ಆದ್ರೆ ಯಾವಾಗ, ಯಾವುದರ ಮೇಲೆ ಯಾವುದು, ಅಲ್ಲೇ ಇರೋದು ಎಲ್ಲಾ.

ದುಡ್ಡು ಸುರಿದಿದ್ದು ಕಮ್ಮಿಯಿಲ್ಲ. ಘಮಘಮ ಅನ್ನೋ ಲೋಶನ್‌ಗಳಲ್ಲಿ ಬರೀ ನೀರು, ಅರ್ಧ ಗಂಟೆಗೆ ಕಾಲು ಮತ್ತೆ ಬಿಗಿಬಿಗಿ. ಸೆರಾಮೈಡ್ (ಚರ್ಮದಲ್ಲೇ ಇರೋ ಒಂಥರಾ ಜಿಡ್ಡು) ಇರೋ ಕ್ರೀಮ್ ಒಳ್ಳೇದೇ, ಆದ್ರೆ ಕೈಕಾಲಿಗೆಲ್ಲ ಧಾರಾಳವಾಗಿ ಬಳಿದ್ರೆ ವಾರ ಹತ್ತು ದಿನಕ್ಕೆ ಡಬ್ಬಿ ಖಾಲಿ, ಅದೇ ದುಡ್ಡಿಗೆ ಜೆಲ್ಲಿ ತಿಂಗಳುಗಟ್ಟಲೆ ಬರುತ್ತೆ. ಆಲಿವ್ ಎಣ್ಣೆಯಂತೂ ದಂಡ, ಅದರಲ್ಲಿರೋ ಓಲಿಯಿಕ್ ಆಸಿಡ್ ಹೊರಪದರವನ್ನ ಇನ್ನೂ ಸಡಿಲ ಮಾಡುತ್ತೆ, ತುರಿಕೆ ಜಾಸ್ತಿ ಆಯ್ತು ಅಷ್ಟೇ.

ಈಗ ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ. ಮಾಮೂಲಿ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಕ್ಷಾರ) 9-10, ಚರ್ಮದ್ದು 5ರ ಆಸುಪಾಸು, ಕಾಲಿಗೆ ಯಾಕೆ ಬೇಕು ಹೇಳಿ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಟವೆಲ್ ಉಜ್ಜದೆ ಬರೀ ಒತ್ತಿ, ಮೈಮೇಲೆ ಹಸಿ ಇರುವಾಗಲೇ ಬಚ್ಚಲಲ್ಲೇ ನಿಂತು 10% ಯೂರಿಯಾ, ಅದು ಸ್ವಲ್ಪ ಇಳೀತಿದ್ದ ಹಾಗೆ ಕಡಲೆಕಾಳಷ್ಟು ಜೆಲ್ಲಿ ಅಂಗೈಲಿ ತಿಕ್ಕಿ ಕರಗಿಸಿ ಮೇಲಿಂದ ಒತ್ತೋದು, ಮತ್ತೆ ಬೇಕಾದ್ರೆ ಇನ್ನೊಂದು ಕಾಳು. ಗುಡ್ಡೆ ಬಳಿದ್ರೆ ಬಟ್ಟೆಗೇ ಹೋಗುತ್ತೆ. ಹಿಮ್ಮಡಿಗೆ ರಾತ್ರಿ 25% ಯೂರಿಯಾ, ಮೇಲೆ ಕಾಟನ್ ಸಾಕ್ಸ್. ಒಡಕಲ್ಲಿ ರಕ್ತ ಇದ್ರೆ ಯೂರಿಯಾ ಮುಟ್ಟಬೇಡಿ, ಉರಿಗೆ ಕಣ್ಣಲ್ಲಿ ನೀರು ಬರುತ್ತೆ, ಕೂಡ್ಕೊಳ್ಳೋ ತನಕ ಬರೀ ಜೆಲ್ಲಿ.

ನಂಬದವರಿಗೋಸ್ಕರ ಒಂದು ಕಾಲಿಗೆ ಜೆಲ್ಲಿ ಮಾತ್ರ, ಇನ್ನೊಂದಕ್ಕೆ ಎರಡೂ ಹಚ್ಚಿದೆ. ಎರಡು ಮೂರು ವಾರದಲ್ಲಿ ಎರಡನೇದರಲ್ಲಿ ಹುರುಪೆ ಅಂಚೇ ಕಾಣ್ತಿರಲಿಲ್ಲ, ಮೊದಲನೇದು ಮೆತ್ತಗಾಗಿತ್ತು, ಹುರುಪೆ ಹಾಗೇ ಇತ್ತು. ಮಧ್ಯೆ ತೋಳಿಗೆ 12% ಲ್ಯಾಕ್ಟಿಕ್ ಆಸಿಡ್ (ಹುರುಪೆ ಸಡಿಲಿಸೋ ಆಮ್ಲ) ಲೋಶನ್ನೂ ಟ್ರೈ ಮಾಡಿದೆ, ಕೆಲಸ ಮಾಡುತ್ತೆ, ಬಿಸಿಲಿಗೆ ಹೋಗೋರು ಹುಷಾರು.

ಮೊಣಕೈಗೆ ಬೇರೆ ಒಂದು ಮಿಕ್ಸ್ ಇದೆ, ಅದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ. ಜೆಲ್ಲಿ ಹತ್ತಿದ ಸಾಕ್ಸ್, ಬೆಡ್‌ಶೀಟು ಮಾತ್ರ ಬೆಂಕಿಯಿಂದ ದೂರ ಇಡಿ, ಒಗೆದ್ರೂ ಪೂರ್ತಿ ಹೋಗಲ್ಲ, ಕಿಡಿ ತಾಗಿದ್ರೆ ಬೇಗ ಹತ್ಕೊಳ್ಳುತ್ತೆ.