ಟ್ರಯಲ್ಸ್ ಸೈಕಲ್‌ನ ಫೋರ್ಕ್ ಬದಲಿಸಿದ ಮೇಲೆ

ಟ್ರಯಲ್ಸ್ ಎಂದರೆ ಕಾಲು ನೆಲಕ್ಕೆ ತಾಗಿಸದೆ ಬಂಡೆ, ಅಡೆತಡೆಗಳ ಮೇಲೆ ಸೈಕಲ್ ನೆಗೆಸುವ ಆಟ. ನನ್ನ 26 ಇಂಚಿನ ಟ್ರಯಲ್ಸ್ ಸೈಕಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ಬಂದದ್ದು. ಬಂಡೆಯ ಮೇಲೆ ಬ್ರೇಕ್ ಹಿಡಿದು ನಿಂತರೆ ಸಾಕು, ಮುಂದಿನ ಚಕ್ರ ತಾನಾಗಿಯೇ ಒಂದು ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಮುಂದಕ್ಕೆ ಭಾರ ಹಾಕಿ ಹಿಂದಿನ ಚಕ್ರ ಎತ್ತಿ ತಿರುಗಿಸುವುದಂತೂ ಹರಸಾಹಸ. ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಹೆಡ್‌ಸೆಟ್ ಬೇರಿಂಗ್ ಚೆನ್ನಾಗಿಯೇ ಇತ್ತು.

ಟೇಪ್ ಹಿಡಿದು ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಅಳೆದೆ. ಆಕ್ಸಲ್‌ನ ನಡುವಿನಿಂದ ಕ್ರೌನ್ ರೇಸ್ (ಹೆಡ್‌ಸೆಟ್‌ನ ಕೆಳಗಿನ ಬೇರಿಂಗ್‌ಗೆ ಆಧಾರವಾದ ಬಳೆ) ಕೂರುವ ಜಾಗದವರೆಗೆ 440 ಮಿ.ಮೀ. ಅದು ಸಸ್ಪೆನ್ಶನ್ ಇರುವ ಮೌಂಟನ್ ಬೈಕ್‌ಗೆ ಬದಲಿಯಾಗಿ ಹಾಕುವ ಉದ್ದನೆಯ ಗಟ್ಟಿ ಫೋರ್ಕ್. ಈ ಫ್ರೇಮ್‌ಗೆ ಬೇಕಿದ್ದದ್ದು 400ರ ಆಸುಪಾಸು.

ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಆಂಗಲ್ (ಹ್ಯಾಂಡಲ್ ತಿರುಗುವ ಅಕ್ಷ ನೆಲದೊಂದಿಗೆ ಮಾಡುವ ಕೋನ) ಹೆಚ್ಚುಕಡಿಮೆ 1 ಡಿಗ್ರಿ ಮಲಗುತ್ತದೆ. ಇಲ್ಲಿ 2 ಡಿಗ್ರಿ ಮಲಗಿತ್ತು, ಜೊತೆಗೆ ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಕ್ಷ ಕೂರುವ ಜಾಗ) ಒಂದೂವರೆ ಸೆಂ.ಮೀ.ನಷ್ಟು ಮೇಲೇರಿ ಮೈಭಾರ ಹಿಂದಕ್ಕೆ ಸರಿದಿತ್ತು. ಆಂಗಲ್ ಮಲಗಿದಷ್ಟೂ ಟ್ರೇಲ್ ಹೆಚ್ಚು; ಟ್ರೇಲ್ ಎಂದರೆ ಆ ಅಕ್ಷದ ಗೆರೆ ನೆಲ ಮುಟ್ಟುವ ಜಾಗದಿಂದ ಚಕ್ರ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎಂಬ ಅಳತೆ. ಇಳಿಜಾರಿನಲ್ಲಿ ವೇಗವಾಗಿ ಹೋಗುವಾಗ ಇದೇ ಟ್ರೇಲ್ ಸೈಕಲ್ಲನ್ನು ನೆಟ್ಟಗೆ ಹಿಡಿದಿಡುತ್ತದೆ. ನಿಂತಾಗ ಹ್ಯಾಂಡಲನ್ನು ಪಕ್ಕಕ್ಕೆ ಎಳೆಯುತ್ತದೆ. ಟ್ರಯಲ್ಸ್‌ನಲ್ಲಿ ನಾವು ನಿಲ್ಲುವುದೇ ಜಾಸ್ತಿಯಲ್ಲವೇ!

400 ಮಿ.ಮೀ. ಟ್ರಯಲ್ಸ್ ಫೋರ್ಕ್ ಹಾಕಿದೆ, ಚಕ್ರ ಇಟ್ಟ ಕಡೆ ನಿಲ್ಲತೊಡಗಿತು. ಕೊಳ್ಳುವಾಗ ಆಫ್‌ಸೆಟ್ (ತಿರುಗುವ ಅಕ್ಷದಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬ ಅಳತೆ) ಕೂಡ ನೋಡಿ, ಅದು ಕಡಿಮೆಯಾದರೆ ಟ್ರೇಲ್ ಮತ್ತೆ ಏರುತ್ತದೆ. ರಿಮ್ ಬ್ರೇಕ್ ಇದ್ದರೆ ಅದರ ಬೋಲ್ಟ್ ಕೂರುತ್ತದೆಯೇ ಎಂದೂ ನೋಡಿಕೊಳ್ಳಿ. ಸಸ್ಪೆನ್ಶನ್ ಫೋರ್ಕ್ ಬೇಡವೇ ಬೇಡ. ನೆಗೆಯಲು ಒತ್ತಿದ ಬಲವನ್ನೆಲ್ಲ ಸ್ಪ್ರಿಂಗ್ ನುಂಗುತ್ತದೆ. ಹ್ಯಾಂಡಲ್ ಸುಮಾರು 4 ಸೆಂ.ಮೀ. ತಗ್ಗಿದ್ದರಿಂದ ಹೆಚ್ಚು ಎತ್ತರದ ಸ್ಟೆಮ್ (ಹ್ಯಾಂಡಲನ್ನು ಹಿಡಿದಿಡುವ ಭಾಗ) ಹಾಕಿ, ಕೆಳಗೆ ಸ್ಪೇಸರ್ ಬಳೆಗಳನ್ನು ಸೇರಿಸಿದೆ.