ಕಾರವಾರದಿಂದ ಎವರೆಸ್ಟ್ ಬೇಸ್ ಕ್ಯಾಂಪಿಗೆ: ಎರಡು ಸಲದ ಲೆಕ್ಕ

ಮೊದಲನೇ ಸಲ ನಾನು ಎವರೆಸ್ಟ್ ಬೇಸ್ ಕ್ಯಾಂಪ್ ನೋಡಲೇ ಇಲ್ಲ. ಲೊಬುಚೆಯಿಂದ ವಾಪಸ್ ಬಂದೆ. ಅಲ್ಲಿಂದ ಬೇಸ್ ಕ್ಯಾಂಪ್ ಒಂದೇ ದಿನದ ನಡಿಗೆ.

ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತು. ರಾತ್ರಿ ಊಟ ಸೇರಲಿಲ್ಲ. ಸ್ವಲ್ಪ ಹೊರಗೆ ಹೋಗಿ ಬರೋಣ ಅಂತ ಜಾಕೆಟ್ಟಿನ ಜಿಪ್ ಹಾಕಲು ಕೂತೆ. ಬೆರಳುಗಳು ಸರಿಯಾಗೇ ಇದ್ದವು. ಆದರೆ ಜಿಪ್ಪಿನ ಎರಡು ತುದಿ ಒಂದಕ್ಕೊಂದು ಸೇರಿಸೋದು ಹೇಗೆ ಅನ್ನೋದೇ ಹೊಳೆಯಲಿಲ್ಲ. ಐದು ನಿಮಿಷ ಹಾಗೇ ಕೂತಿದ್ದೆನಂತೆ. ಗೈಡ್ ನೋಡಿದ, ಏನೂ ಕೇಳಲಿಲ್ಲ. ಹಲಗೆ ನೆಲದ ಸಂದಿನ ಗೆರೆ ತೋರಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತಾ ನಡೆ ಎಂದ. ನಾಲ್ಕನೇ ಹೆಜ್ಜೆಗೆ ಗೋಡೆ ಹಿಡಿದೆ. "ಭಾಯ್, ಅಭೀ ನೀಚೆ" ಎಂದು ನನ್ನ ಚೀಲ ಅವನೇ ಹೊತ್ತುಕೊಂಡ. ಬೆಳಗಾಗಲಿ ಅಂತಲೂ ಕಾಯಲಿಲ್ಲ. ತಲೆಗೆ ಟಾರ್ಚ್ ಕಟ್ಟಿಕೊಂಡು ಪೆರಿಚೆಗೆ ಇಳಿಯುವಷ್ಟರಲ್ಲಿ ತಲೆನೋವು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಕ್ಲಿನಿಕ್ ಇದೆ. ಎತ್ತರ ಮೈಗೆ ಒಗ್ಗಿಲ್ಲ, ಇನ್ನು ಮೇಲೆ ಹೋಗೋದು ಬೇಡ ಎಂದರು ಡಾಕ್ಟರು. ಮುಗಿಯಿತು.

ಅದು 2023ರ ಏಪ್ರಿಲ್. ಕಠ್ಮಂಡುವಿನಿಂದ ಕಠ್ಮಂಡುವಿಗೆ ₹85,000ದ ಒಂದು ಪ್ಯಾಕೇಜ್ ತಗೊಂಡಿದ್ದೆ. ಬೇರೆಯವರೆಲ್ಲ 12 ದಿನ ಹೇಳಿದರೆ ಇವರು 10 ದಿನ ಎಂದಿದ್ದರು. ಎರಡು ದಿನದ ರಜೆಯೂ ಉಳಿಯಿತು, ದುಡ್ಡೂ ಉಳಿಯಿತು ಅಂತ ಖುಷಿಪಟ್ಟವ ನಾನೇ. ಎಲ್ಲಿಂದ ಆ ಎರಡು ದಿನ ಕತ್ತರಿಸಿದ್ದಾರೆ ಅಂತ ನೋಡಿರಲಿಲ್ಲ. ಊರಿಗೆ ಬಂದ ಮೇಲೆ ಕಾಗದ ತೆಗೆದು ಕೂತೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು ಅಂತ ನಿಯಮ. ನಾನು ಮಲಗಿದ್ದು ಟೆಂಗ್ಬೋಚೆಯಲ್ಲಿ 3,860, ಮರುರಾತ್ರಿ ಡಿಂಗ್ಬೋಚೆಯಲ್ಲಿ 4,410, ಅದರ ಮರುರಾತ್ರಿ ಲೊಬುಚೆಯಲ್ಲಿ 4,940. ಎರಡು ದಿನದಲ್ಲಿ 1,080 ಮೀಟರ್, ನಡುವೆ ಬಿಡುವಿಲ್ಲ. ಡಿಂಗ್ಬೋಚೆಯ ಎರಡನೇ ರಾತ್ರಿಯನ್ನೇ ಅವರು ತೆಗೆದುಹಾಕಿದ್ದರು. ಕಾರವಾರದಲ್ಲಿ ಅಲೆ ಕಾಲಿಗೆ ತಾಗುವ ಎತ್ತರದಲ್ಲಿ ವರ್ಷವಿಡೀ ಇರುವ ದೇಹ ಇದನ್ನು ಹೇಗೆ ತಡೆದೀತು?

ಎರಡನೇ ಸಲ ಹೋಗುತ್ತೇನೆ ಎಂದಾಗ ಶಿರಸಿ ಮನೆಯಲ್ಲಿ ಆಯಿ (ಅಮ್ಮ) ಸಿಟ್ಟಾಗಲಿಲ್ಲ. ಅಡಿಕೆ ಸುಲಿಯುತ್ತಾ ತಲೆ ಎತ್ತದೆ ಕೇಳಿದಳು: "ತಮಾ, ದುಡ್ಡು ಕೊಟ್ಟು ತಲೆನೋವು ತಗಂಬಲೆ ಮತ್ತೆ ಹೋಗ್ತ್ಯನಾ?"

ಈ ಸಲ ದುಡ್ಡಿಗಿಂತ ಮೊದಲು ದಿನ ಬರೆದೆ. ನನ್ನ ಜೊತೆ ಅಂಕೋಲೆಯ ಒಬ್ಬ ಗೆಳೆಯ. ಇಬ್ಬರೇ, ಪ್ಯಾಕೇಜ್ ಇಲ್ಲ. ಪುಸ್ತಕದ ಎಡಕ್ಕೆ ರಾತ್ರಿ ಮಲಗುವ ಊರು, ಬಲಕ್ಕೆ ಅದರ ಎತ್ತರ. ಫಾಕ್ಡಿಂಗ್ 2,610, ನಾಮ್ಚೆ 3,440ರಲ್ಲಿ ಎರಡು ರಾತ್ರಿ, ಟೆಂಗ್ಬೋಚೆ, ಡಿಂಗ್ಬೋಚೆಯಲ್ಲಿ ಎರಡು ರಾತ್ರಿ. ಅಲ್ಲಿಂದ ನೇರ ಲೊಬುಚೆಗೆ ಹೋಗುವ ಬದಲು ನಡುವೆ ಥುಕ್ಲಾದಲ್ಲಿ 4,620ಕ್ಕೆ ಒಂದು ರಾತ್ರಿ. ಇದು ಹೆಚ್ಚಿನವರು ಮಾಡೋದಿಲ್ಲ. ಮಧ್ಯಾಹ್ನ ಚಹಾ ಕುಡಿದು ಮುಂದೆ ಹೋಗುವ ಜಾಗ ಅದು. ನನಗೆ ಮಾತ್ರ ಆ 530 ಮೀಟರನ್ನು 210, 320 ಅಂತ ಒಡೆಯಲೇಬೇಕಿತ್ತು. ಆಮೇಲೆ ಲೊಬುಚೆ, ಗೋರಕ್‌ಶೇಪ್, ಇಳಿಯುವಾಗ ಪೆರಿಚೆ, ನಾಮ್ಚೆ, ಲುಕ್ಲಾ. ಒಟ್ಟು 12 ರಾತ್ರಿ.

ಇದರ ಮೇಲೆ ಮೂರು ದಿನ ಖಾಲಿ ಬಿಟ್ಟೆ. ಅದು ಲುಕ್ಲಾದ ವಿಮಾನಕ್ಕೆ, ನಡಿಗೆ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಅಲ್ಲಿನ ರನ್‌ವೇ 527 ಮೀಟರ್ ಮಾತ್ರ, ಅದೂ ಗುಡ್ಡದ ಇಳಿಜಾರಿನಲ್ಲಿ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ವಿಮಾನ, ಮೋಡ ಮುಚ್ಚಿದರೆ ಆ ದಿನ ಕತೆ ಮುಗಿಯಿತು. ರೈಲು, ಕಠ್ಮಂಡು ಎಲ್ಲ ಸೇರಿ 22 ದಿನ ಆಯಿತು. ಕಚೇರಿಯಲ್ಲಿ ಗಳಿಕೆ ರಜೆ ಅರ್ಜಿ ಕೊಟ್ಟಾಗ ಸಾಹೇಬರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. 2025ರ ಏಪ್ರಿಲ್ ಆರಿಸಿದ್ದೂ ರಜೆ, ಮನೆಕೆಲಸ ನೋಡಿಯೇ. ಅಕ್ಟೋಬರ್‌-ನವೆಂಬರ್ ಕೂಡ ಒಳ್ಳೆಯ ಸಮಯವೇ, ಆದರೆ ಅದರ ಬೆನ್ನಿಗೇ ಅಡಿಕೆ ಕೊಯ್ಲು ಬರುತ್ತದೆ, ಮನೆಯಲ್ಲಿ ಕೈ ಬೇಕು. ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ವರ್ಷ ಇರಲಿಲ್ಲ. ಜಾತ್ರೆಯ ವರ್ಷವಾಗಿದ್ದರೆ ಮನೆಗೆ ಬರುವ ನೆಂಟರಿಗೇ ನನ್ನ ಅರ್ಧ ರಜೆ ಹೋಗುತ್ತಿತ್ತು.

ದುಡ್ಡು ಒಟ್ಟುಮಾಡಿದ್ದು ಬ್ಯಾಂಕಿನ ಆರ್‌ಡಿಯಲ್ಲಿ. ತಿಂಗಳಿಗೆ ₹7,500, 18 ತಿಂಗಳು. ಒಟ್ಟು ₹1,35,000. ಇಷ್ಟರಲ್ಲಿ ಮುಗಿಸಬೇಕು ಅಂತ ಗೆರೆ ಹಾಕಿಕೊಂಡೆ.

ಹೋಗುವಾಗ ರೈಲು. ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಕಾರವಾರದಿಂದ ದೆಹಲಿಯ ನಿಜಾಮುದ್ದೀನಿಗೆ. ಮೊದಲೆಲ್ಲ 120 ದಿನ ಮುಂಚೆ ಟಿಕೆಟ್ ಮಾಡಬಹುದಿತ್ತು. 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ, ಹಾಗಾಗಿ ದಿನ ಗುರುತು ಹಾಕಿಟ್ಟುಕೊಂಡು ಬೆಳಿಗ್ಗೆಯೇ ಕೂರಬೇಕು. ದೆಹಲಿಯಿಂದ ಕಠ್ಮಂಡುವಿಗೆ ವಿಮಾನ, ಬರುವಾಗ ದೆಹಲಿಯಿಂದ ಗೋವಾಕ್ಕೂ ವಿಮಾನ. ಎಲ್ಲ ಸೇರಿ ₹25,000. ಬರುವಾಗಲೂ ರೈಲಾದರೆ ಮೂರ್ನಾಲ್ಕು ಸಾವಿರ ಉಳಿಯುತ್ತಿತ್ತು. ಅಷ್ಟು ದಿನ ನಡೆದ ಕಾಲನ್ನು ಮತ್ತೆ ರೈಲಿನ ಬರ್ತಿನಲ್ಲಿ ಮಡಚಿಡುವುದು ಬೇಡ ಅನ್ನಿಸಿತು.

ಇಲ್ಲಿ ಒಂದು ಎಡವಟ್ಟು ಆಗುವುದರಲ್ಲಿತ್ತು. ಗೆಳೆಯನ ಬಳಿ ಪಾಸ್‌ಪೋರ್ಟ್ ಇಲ್ಲ. "ಆಧಾರ್ ಉಂಟಲ್ಲ ಮಾರಾಯಾ, ನೇಪಾಳಕ್ಕೆ ವೀಸಾನೇ ಬೇಡ" ಅಂತ ಆರಾಮಾಗಿದ್ದ. ವೀಸಾ ಬೇಡ, ನಿಜ. ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನಡೆಯೋದಿಲ್ಲ. ಅವನ ಚೀಟಿ ಅಂಕೋಲೆಯ ಮನೆಯಲ್ಲಿ ಹಳೇ ಟ್ರಂಕಿನ ಅಡಿಯಲ್ಲಿ ಸಿಕ್ಕಿತು.

ಏಪ್ರಿಲ್‌ನ ಗಡಿಬಿಡಿಯಲ್ಲಿ ಲುಕ್ಲಾದ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನಿಂದ ಬಿಡೋದಿಲ್ಲ, ರಾಮೆಛಾಪ್‌ನಿಂದ ಹೊರಡುತ್ತವೆ. ಅಲ್ಲಿಗೆ ಜೀಪಿನಲ್ಲಿ ನಾಲ್ಕೈದು ತಾಸು, ಮಧ್ಯರಾತ್ರಿ ಕಳೆದ ಮೇಲೆ ಹೊರಡಬೇಕು. ಜೀಪು, ವಿಮಾನ ಎರಡೂ ಹೋಗಿಬರಲು ₹22,000. ಭಾರತೀಯರಿಗೆ ಬೇರೆ ದರ ಇದೆ, ಕೇಳಿಯೇ ಟಿಕೆಟ್ ತಗೊಳ್ಳಿ. ಪರ್ಮಿಟ್ ಎರಡು, ಒಂದು ಸಾಗರಮಾಥಾ ರಾಷ್ಟ್ರೀಯ ಉದ್ಯಾನದ್ದು, ಇನ್ನೊಂದು ಅಲ್ಲಿನ ಪಾಲಿಕೆಯದು. ಉದ್ಯಾನದ ಶುಲ್ಕ ಬೇರೆ ವಿದೇಶಿಯರಿಗೆ 3,000 ನೇಪಾಳಿ ರೂಪಾಯಿ, ಭಾರತವೂ ಸೇರಿದ ಸಾರ್ಕ್ ದೇಶದವರಿಗೆ 1,500, ಮೇಲೆ ತೆರಿಗೆ. ನಮ್ಮ 100 ರೂಪಾಯಿಗೆ ಅವರ 160. ಎರಡೂ ಪರ್ಮಿಟ್ ₹3,000ದೊಳಗೆ ಮುಗಿಯಿತು.

ಊಟದ ಲೆಕ್ಕವೇ ಎಲ್ಲರೂ ತಪ್ಪುವ ಜಾಗ. ಅಲ್ಲಿನ ವಸತಿಗೃಹಗಳಲ್ಲಿ ಕೋಣೆ ಅಗ್ಗ, ಆದರೆ ಊಟ ಅಲ್ಲೇ ಮಾಡಬೇಕು ಅನ್ನೋದು ಷರತ್ತು. ಅವರ ಸಂಪಾದನೆ ಇರೋದೇ ಊಟದಲ್ಲಿ. ಮೇಲೆ ರಸ್ತೆ ಇಲ್ಲ, ಅಕ್ಕಿಯಿಂದ ಗ್ಯಾಸ್ ಸಿಲಿಂಡರಿನವರೆಗೆ ಎಲ್ಲ ಮನುಷ್ಯರ ಬೆನ್ನು, ಪ್ರಾಣಿಗಳ ಬೆನ್ನಿನ ಮೇಲೆ ಬರಬೇಕು. ನಾಮ್ಚೆಯಲ್ಲಿ 650 ನೇಪಾಳಿ ರೂಪಾಯಿ ಕೊಟ್ಟ ದಾಲ್ ಭಾತ್ ಗೋರಕ್‌ಶೇಪ್‌ನಲ್ಲಿ 1,000 ದಾಟಿತ್ತು. ಆದರೂ ದಾಲ್ ಭಾತ್ ಬಿಡಬೇಡಿ, ಎರಡನೇ ಸಲ ಬಡಿಸುತ್ತಾರೆ. ಪಾಸ್ತಾ, ನೂಡಲ್ಸ್‌ಗೆ ಆ ಭಾಗ್ಯ ಇಲ್ಲ. ನಮ್ಮ ಪಂಕ್ತಿಯಲ್ಲಿ ಕೂತು ಅಭ್ಯಾಸ ಇದ್ದವರಿಗೆ "ಸಾಕು" ಎನ್ನುವ ಮುಂಚೆ ಇನ್ನೊಂದು ಸೌಟು ಬೀಳೋದು ಹೊಸದೇನಲ್ಲ. ಜೊತೆಗೆ ಚೀಲದಲ್ಲಿ ಆಯಿಯ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಎತ್ತರದಲ್ಲಿ ಹಸಿವೆಯೇ ಸತ್ತುಹೋಗುತ್ತದೆ, ಆಗ ಎರಡು ಮಿಡಿಯಿಂದ ಒಂದು ತಟ್ಟೆ ಅನ್ನ ಒಳಗೆ ಹೋಗುತ್ತಿತ್ತು. ನಾವು ನಡೆದ ಈ ಖುಂಬು ಕಣಿವೆಯಲ್ಲಿ ಪ್ರಾಣಿ ಕಡಿಯುವಂತಿಲ್ಲ. ಮಾಂಸ ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದಿದ್ದು, ಹಾಗಾಗಿ ಯಾರೂ ತಿನ್ನಬೇಡಿ ಎನ್ನುತ್ತಾರೆ. ಗೆಳೆಯ ಅಷ್ಟೂ ದಿನ ಬಂಗಡೆಯ ಹೆಸರು ಹೇಳಿಕೊಂಡೇ ಬೇಳೆ ಉಂಡ.

ಊಟ, ಕೋಣೆ, ಚಹಾ, ಮೊಬೈಲ್ ಚಾರ್ಜ್ ಎಲ್ಲ ಸೇರಿ ದಿನಕ್ಕೆ ಸರಾಸರಿ 3,500 ನೇಪಾಳಿ ರೂಪಾಯಿ ಹಿಡಿದಿದ್ದೆ. 12 ದಿನಕ್ಕೆ ನಮ್ಮ ₹26,000. ಹೆಚ್ಚುಕಮ್ಮಿ ಅಷ್ಟೇ ಆಯಿತು. ಬಾಟಲಿ ನೀರು ಒಂದು ದಿನವೂ ಕೊಳ್ಳಲಿಲ್ಲ. ನಲ್ಲಿ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಟ್ಟು ಕುಡಿದೆವು. ಬಿಸಿನೀರಿನ ಸ್ನಾನ ನಾಮ್ಚೆಯಲ್ಲಿ ಒಂದೇ ಸಲ. ಅದಕ್ಕೂ ದುಡ್ಡು.

ಇಬ್ಬರಿಗೂ ಸೇರಿ ಒಬ್ಬ ಪೋರ್ಟರ್. ದಿನಕ್ಕೆ 2,500 ನೇಪಾಳಿ ರೂಪಾಯಿ, ಇನಾಮು ಸೇರಿ ನನ್ನ ಪಾಲು ₹11,500. ಇದರಲ್ಲಿ ಚೌಕಾಸಿ ಮಾಡಲಿಲ್ಲ. ಮೊದಲ ಸಲ ನನ್ನ ಚೀಲವನ್ನೂ ಹೊತ್ತು ಕತ್ತಲಲ್ಲಿ ಇಳಿಸಿದ ಗೈಡ್‌ನ ಮುಖ ನೆನಪಿತ್ತು.

ಸಾಮಾನಿನಲ್ಲಿ ಉಳಿಸಬಹುದು. ಬೂಟು ಮಾತ್ರ ಸ್ವಂತದ್ದು ಬೇಕು, ಮೂರು ತಿಂಗಳು ಮೊದಲೇ ಹಾಕಿ ಪಳಗಿಸಿರಬೇಕು. ನಾನು ಕೊಟ್ಟಿದ್ದು ₹7,000. ದಪ್ಪ ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಎರಡನ್ನೂ ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ತಗೊಂಡೆ. ಕಾರವಾರದ ಸೆಕೆಯಲ್ಲಿ ಆ ಜಾಕೆಟ್ ಕೊಂಡು ಏನು ಮಾಡೋದು, ಗೆದ್ದಲಿಗೆ ಹಾಕೋದಾ? ಒಳಬಟ್ಟೆ, ಕೈಗವಸು ಸೇರಿ ಒಟ್ಟು ₹14,000. ಲುಕ್ಲಾ ವಿಮಾನದಲ್ಲಿ ಒಬ್ಬರಿಗೆ ಕೈಚೀಲವೂ ಸೇರಿ 15 ಕಿಲೋ ಮಾತ್ರ, ಜಾಸ್ತಿ ಕೊಳ್ಳುವ ಆಸೆಗೆ ಅದೇ ಕಡಿವಾಣ.

ಕಠ್ಮಂಡುವಿನಲ್ಲಿ ನಾಲ್ಕು ರಾತ್ರಿಗೆ ₹8,000. ವಿಮೆ ₹5,000. ವಿಮೆಯ ಕಾಗದದಲ್ಲಿ ಎತ್ತರದ ಮಿತಿ ಓದಿ. ಎವರೆಸ್ಟ್ ನೋಡಲು ಹತ್ತುವ ಕಾಲಾ ಪತ್ಥರ್ ಗುಡ್ಡ 5,545 ಮೀಟರ್. 4,500ಕ್ಕೆ ನಿಲ್ಲುವ ವಿಮೆ ಅಲ್ಲಿ ಸುಮ್ನೆ ಕಾಗದ. ಹೆಲಿಕಾಪ್ಟರ್ ಕರೆದರೆ ಬಿಲ್ಲು ಲಕ್ಷಗಳಲ್ಲಿ ಬರುತ್ತದೆ.

ಕೂಡಿಸಿದರೆ ₹1,14,500. ಉಳಿದ ₹20,500ರಲ್ಲಿ ₹20,000 ಬೇರೆ ಪಾಕೀಟಿನಲ್ಲಿ ನೋಟುಗಳಾಗಿಯೇ ಇಟ್ಟೆ. ನಾಮ್ಚೆಯಲ್ಲಿ ಎಟಿಎಂ ಇದೆ, ಅದನ್ನು ನಂಬಿ ಹತ್ತಬಾರದು.

ತಯಾರಿಗೆ ಖರ್ಚಿಲ್ಲ, ಬೆವರು ಮಾತ್ರ. ಭಾನುವಾರ ಗುಡ್ಡಳ್ಳಿ ಹತ್ತುವುದು, ಬೆನ್ನಿಗೆ ಎಂಟು ಕಿಲೋ ಕುಚ್ಚಲಕ್ಕಿ. ವಾರದ ಮಧ್ಯೆ ಸಂಜೆ ಮರಳಿನ ಮೇಲೆ ನಡಿಗೆ. ಊರಿಗೆ ಹೋದಾಗ ದೇವಿಮನೆ ಘಟ್ಟದಲ್ಲಿ ಬಸ್ಸಿಳಿದು ಒಂದಷ್ಟು ದೂರ ಏರು. ಇದರಿಂದ ಕಾಲು ಗಟ್ಟಿಯಾಗುತ್ತದೆ, ಎತ್ತರ ಒಗ್ಗೋದಿಲ್ಲ. ಬೇಸ್ ಕ್ಯಾಂಪಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲತೀರದ ಅರ್ಧದಷ್ಟು. ಅದಕ್ಕೆ ತಯಾರಿ ಆಗೋದು ಅಲ್ಲೇ, ರಾತ್ರಿಗಳನ್ನು ಕಳೆದು. ಎತ್ತರಕ್ಕೆ ಮೈ ಒಗ್ಗಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ನಮ್ಮ ಡಾಕ್ಟರು ಸಲ್ಫಾ ಅಲರ್ಜಿ ಇದೆಯಾ ಅಂತ ಕೇಳಿಕೊಂಡೇ ಬರೆದುಕೊಟ್ಟರು. ಬೆರಳ ತುದಿ ಜುಮುಗುಡುತ್ತದೆ, ರಾತ್ರಿ ಮೂತ್ರಕ್ಕೆ ಮೂರು ಸಲ ಏಳಿಸುತ್ತದೆ. ಮೈನಸ್ ಚಳಿಯಲ್ಲಿ ಅದೊಂದು ಶಿಕ್ಷೆಯೇ.

ಬಿಡುವಿನ ದಿನ ಅಂದರೆ ಮಲಗೋದಲ್ಲ. ನಾಮ್ಚೆಯಿಂದ 3,880 ಮೀಟರಿನ ಎವರೆಸ್ಟ್ ವ್ಯೂ ಹೋಟೆಲ್‌ವರೆಗೆ ಹತ್ತಿ ಬಂದೆವು, ಡಿಂಗ್ಬೋಚೆಯಲ್ಲಿ ಹಿಂದಿನ ಗುಡ್ಡ ಏರಿ ಇಳಿದೆವು. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಮಲಗಿದರೆ ಮೈ ಬೇಗ ಒಗ್ಗುತ್ತದೆ. ಥುಕ್ಲಾದಲ್ಲಿ ನಾವಿಬ್ಬರು, ಒಲೆ, ಒಂದು ಬೆಕ್ಕು. ಉಳಿದವರೆಲ್ಲ ಮುಂದೆ ಹೋಗಿದ್ದರು. ಮರುದಿನ ಲೊಬುಚೆಯಲ್ಲಿ ರಾತ್ರಿ ಎಂಟಕ್ಕೆ ಜಾಕೆಟ್ಟಿನ ಜಿಪ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. "ಹುಚ್ಚು ಹಿಡೀತಾ?" ಎಂದ ಗೆಳೆಯ.

ಬೇಸ್ ಕ್ಯಾಂಪಿನಿಂದ ಎವರೆಸ್ಟ್ ಕಾಣೋದಿಲ್ಲ, ಗೊತ್ತಿದ್ದೂ ಸ್ವಲ್ಪ ಬೇಜಾರಾಯಿತು. ಅದು ಕಂಡಿದ್ದು ಮರುದಿನ ಬೆಳಗಿನ ಜಾವ, ಕಾಲಾ ಪತ್ಥರ್ ಮೇಲಿಂದ. ಹತ್ತು ಹೆಜ್ಜೆ, ನಿಲ್ಲು, ಹತ್ತು ಹೆಜ್ಜೆ, ನಿಲ್ಲು. ಫೋಟೋ ತೆಗೆಯಲು ಕೈಗವಸು ಬಿಚ್ಚಿದ್ದು ಒಂದೇ ನಿಮಿಷ, ಬೆರಳಿಗೆ ಜೀವ ಬರಲು ಕಾಲು ತಾಸು.

ಲುಕ್ಲಾಕ್ಕೆ ಇಳಿದೆವು. ಮರುದಿನ ಮೋಡ, ಅದರ ಮರುದಿನವೂ ಮೋಡ. ವಿಮಾನ ನಿಲ್ದಾಣದಲ್ಲಿ ಜನ ಫೋನ್ ಹಿಡಿದು ಟಿಕೆಟ್ ಬದಲಿಸಲು ಒದ್ದಾಡುತ್ತಿದ್ದರು, ಕೆಲವರು ಹೆಲಿಕಾಪ್ಟರಿನ ಸೀಟಿಗೆ ಚೌಕಾಸಿ ಮಾಡುತ್ತಿದ್ದರು. ನಾವು ಒಲೆಯ ಪಕ್ಕ ಇಸ್ಪೀಟು ಆಡಿದೆವು. ಮೂರನೇ ಬೆಳಿಗ್ಗೆ ಆರೂವರೆಗೆ ಮೊದಲ ವಿಮಾನದ ಸದ್ದು ಕೇಳಿತು. ಎರಡು ದಿನದ ಊಟ, ಕೋಣೆ, ಕೆಮ್ಮಿನ ಔಷಧ ಸೇರಿ ಪಾಕೀಟಿನಿಂದ ಹೋಗಿದ್ದು ₹4,000.

ಉಳಿದ ₹16,000 ಹಾಗೇ ಇದೆ. ಆಯಿಗೆ ಹೇಳಿಲ್ಲ. ಹೇಳಿದರೆ ಮುಂದಿನ ಪುಸ್ತಕ ಯಾವ ಬೆಟ್ಟದ್ದು ಅಂತ ಕೇಳುತ್ತಾಳೆ.